ನಂಜನಗೂಡಿನ ತಿರುಮಲಾಂಬಾ

ನಂಜನಗೂಡು ಎಂಬ ಹೆಸರನ್ನು ಕೇಳಿದ ಕೂಡಲೇ ಹೊರಗಿನ ಜನರಿಗೆ ಕಪಿಲಾ ನದಿಯ ದಡವೂ, ಅಲ್ಲಿಯ ದೊಡ್ಡ ದೇವಾಲಯವೂ, ರಸಬಾಳೆಯ ಹಣ್ಣೂ ನೆನಪಿಗೆ ಬರುವವು. ತಾಂಡ್ಯದ ಸುತ್ತಮುತ್ತಲಿನ ನಮ್ಮವರಿಗಾದರೋ ಅದು ಪೇಟೆಯ ಊರು, ಕಚೇರಿಯ ಊರು. ಈಚಿನ ವರುಷಗಳಲ್ಲಿ ಕಾರ್ಖಾನೆಯ ಕೆಲಸಕ್ಕೆ ಹೋಗುವ ದಾರಿಯೂ ಆಗಿದೆ. ಆದರೆ ಹೊಸಗನ್ನಡದಲ್ಲಿ ತಾನೇ ಕಥೆ ಬರೆದು, ತಾನೇ ಅದನ್ನು ಪ್ರಕಟಿಸಿ, ತಾನೇ ಪತ್ರಿಕೆಯನ್ನು ನಡಿಸಿದ ಸ್ತ್ರೀಯರಲ್ಲಿ ಮೊದಲಿಗರೆಂದು ಎಣಿಸಲ್ಪಡುವವರು ಇದೇ ಊರಿನವರು ಎಂಬದನ್ನು ಅರಿತವರು ನಮ್ಮ ಹಳ್ಳಿಗಳಲ್ಲಿ ಬಹಳ ಮಂದಿ ಇಲ್ಲ. ಅವರ ಹೆಸರು ತಿರುಮಲಾಂಬಾ. ಅವರು ನಮ್ಮ ಮತಕ್ಕೆ ಸೇರಿದವರಲ್ಲ. ತಮ್ಮ ಹಿರಿಯರ ಧರ್ಮದಲ್ಲಿಯೇ ಹುಟ್ಟಿ, ಅದರಲ್ಲಿಯೇ ಬಾಳಿ, ಅದರಲ್ಲಿಯೇ ತೀರಿಹೋದರು. ಆದರೂ ಅವರ ಚರಿತ್ರೆಯಿಂದ ನಾವು ಕಲಿಯತಕ್ಕದ್ದು ಬಹಳವಿರುವದರಿಂದ ಅದನ್ನು ಈ ಸಂಚಿಕೆಯಲ್ಲಿ ಬರೆಯಲು ಮನಸ್ಸು ಮಾಡಿದ್ದೇವೆ.

ಭಾಷೆಯೆಂಬದು ಅಂಗಡಿಯಲ್ಲಿ ಉಪ್ಪು ಕೇಳುವದಕ್ಕೂ ಹೊಲದಲ್ಲಿ ಆಳನ್ನು ಕರೆಯುವದಕ್ಕೂ ಮಾತ್ರ ಇರುವ ಉಪಕರಣವೆಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ. ಒಂದು ಜನಾಂಗದಲ್ಲಿ ಯಾರು ಬರೆಯಬಹುದು, ಯಾರು ಓದಬಹುದು, ಯಾರ ಹೆಸರು ಪುಸ್ತಕದ ಮೇಲೆ ಬರಬಹುದು ಎಂಬದರ ಮೇಲೆ ಆ ಜನಾಂಗದಲ್ಲಿ ಯಾರು ಲೆಕ್ಕಕ್ಕೆ ಬರುವರು, ಯಾರು ಬಾರರು ಎಂಬದು ನಿರ್ಣಯವಾಗುತ್ತದೆ. ನಮ್ಮ ಸಭೆಗಳ ಹಿರಿಯರಿಗೆ ಇದನ್ನು ವಿಸ್ತಾರವಾಗಿ ಹೇಳಬೇಕಾಗಿಲ್ಲ. ಅಕ್ಷರವು ತಮ್ಮ ಮನೆಯ ಹೊಸ್ತಿಲನ್ನು ದಾಟಿ ಬಂದ ಕಾಲವನ್ನು ಅವರು ತಮ್ಮ ತಂದೆತಾಯಿಗಳ ಬಾಯಿಂದ ಕೇಳಿ ಬಲ್ಲರು. ತಿರುಮಲಾಂಬಾರವರ ಮನೆಯಲ್ಲಿ ಅಕ್ಷರಕ್ಕೆ ಕೊರತೆ ಇರಲಿಲ್ಲ. ಆದರೆ ಅಂಥ ಮನೆಯಲ್ಲಿಯೂ ಹೆಂಗಸಿಗೆ ಅದು ಸುಲಭವಾಗಿ ದೊರೆಯುವ ವಸ್ತುವಾಗಿರಲಿಲ್ಲ.

ಅವರು ೧೮೮೭ನೇ ಇಸವಿ ಮಾರ್ಚ್ ೨೫ರಂದು ನಂಜನಗೂಡಿನಲ್ಲಿ ಹುಟ್ಟಿದರು. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರು, ತಾಯಿ ಅಲಮೇಲಮ್ಮನವರು. ಆ ೧೮೮೭ನೇ ವರುಷವು ಬೇರೆ ಎರಡು ಕಾರಣಗಳಿಂದಲೂ ನೆನಪಿನಲ್ಲಿಡತಕ್ಕದ್ದು. ಅದೇ ವರುಷದಲ್ಲಿ ಮೈಸೂರಿನ ವೆಸ್ಲಿಯನ್ ಮಿಶನಿನವರು ವೃತ್ತಾಂತ ಪತ್ರಿಕೆ ಎಂಬ ಕನ್ನಡ ವಾರಪತ್ರಿಕೆಯನ್ನು ಹೊರಡಿಸಲಾರಂಭಿಸಿದರು. ಅದೇ ವರುಷದಲ್ಲಿ ಪಂಡಿತಾ ರಮಾಬಾಯಿಯವರು ಮೇಲುಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಗ್ರಂಥವು ಅಮೇರಿಕಾ ದೇಶದಲ್ಲಿ ಅಚ್ಚಾಯಿತು. ಬಾಲ್ಯವಿವಾಹ, ವೈಧವ್ಯ, ಹೆಣ್ಣುಮಕ್ಕಳ ಅವಿದ್ಯೆ ಎಂಬ ಕಷ್ಟಗಳನ್ನು ಆ ಗ್ರಂಥವು ಲೋಕಕ್ಕೆ ತಿಳಿಸಿತು. ಅದರಲ್ಲಿ ಬರೆದಿದ್ದ ಕಷ್ಟಗಳೇ ನಂಜನಗೂಡಿನ ಒಂದು ಮನೆಯಲ್ಲಿ ಆ ವರುಷ ಹುಟ್ಟಿದ ಹೆಣ್ಣು ಕೂಸಿಗೂ ಮುಂದೆ ಒದಗಿ ಬಂದವು.

ತಿರುಮಲಾಂಬಾರವರ ಕುಲದವರ ಮನೆಮಾತನ್ನು ಕುರಿತು ಇಲ್ಲಿ ಒಂದು ಮಾತು ಹೇಳಬೇಕು. ಮೈಸೂರು ಸೀಮೆಯ ಅಯ್ಯಂಗಾರ್ಯರು ಮನೆಯೊಳಗೆ ತಮಿಳನ್ನೂ ಬೀದಿಯಲ್ಲಿ ಕನ್ನಡವನ್ನೂ ಆಡುವವರು. ಆದರೂ ಆ ಕುಲದಿಂದ ಕನ್ನಡಕ್ಕೆ ದೊಡ್ಡ ಬರಹಗಾರರು ಹಲವರು ಬಂದರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಹೆಸರನ್ನು ಅರಿಯದವರು ಕಡಿಮೆ. ಅಂತೆಯೇ ಧಾರವಾಡದ ಬೇಂದ್ರೆಯವರ ಮನೆಮಾತು ಮರಾಠಿ. ಕನ್ನಡದ ದೊಡ್ಡ ನಿಘಂಟನ್ನು ೧೮೯೪ರಲ್ಲಿ ಅಚ್ಚಿಗೆ ತಂದ ಕಿಟ್ಟೆಲ್ ಪಾದ್ರಿಗಳು ಜರ್ಮನ್ ದೇಶದವರು. ಇದರಿಂದ ತಿಳಿಯುವದೇನಂದರೆ, ಕನ್ನಡಿಗರಾಗುವದು ತೊಟ್ಟಿಲ ಮಾತಿನಿಂದ ಮಾತ್ರವಲ್ಲ. ಒಬ್ಬನು ಯಾವ ನುಡಿಯಲ್ಲಿ ದುಡಿಯುತ್ತಾನೋ ಆ ನುಡಿಯು ಅವನನ್ನು ತನ್ನವನೆಂದು ಸೇರಿಸಿಕೊಳ್ಳುತ್ತದೆ. ತಿರುಮಲಾಂಬಾರವರು ತಮಿಳು ತೆಲುಗುಗಳನ್ನೂ ಬಲ್ಲವರಾಗಿದ್ದರು. ಆದರೆ ತಮ್ಮ ಸುತ್ತಲಿನ ಹೆಂಗಸರನ್ನು ಮುಟ್ಟುವ ನುಡಿಯು ಕನ್ನಡವಾದದ್ದರಿಂದ ಕನ್ನಡದಲ್ಲಿಯೇ ಬರೆದರು.

ಆ ಕಾಲದ ಪದ್ಧತಿಯ ಪ್ರಕಾರ ಅವರಿಗೆ ಹತ್ತನೆಯ ವಯಸ್ಸಿನಲ್ಲಿ ಮದುವೆಯಾಯಿತು. ಮೈಸೂರು ಸರಕಾರದವರು ೧೮೯೪ರಲ್ಲಿಯೇ ಬಾಲ್ಯವಿವಾಹವನ್ನು ತಡೆಯುವದಕ್ಕೆ ಒಂದು ಕಾನೂನನ್ನು ಮಾಡಿದ್ದರು. ಆದರೆ ಅದು ಎಂಟು ವರುಷಕ್ಕೆ ಒಳಗಿನ ಹುಡುಗಿಯರ ಮದುವೆಯನ್ನೂ, ಐವತ್ತು ದಾಟಿದ ಮುದುಕರು ಹದಿನಾಲ್ಕಕ್ಕೆ ಕಡಿಮೆಯಾದ ಹುಡುಗಿಯರನ್ನು ಮದುವೆಯಾಗುವದನ್ನೂ ಮಾತ್ರ ನಿಷೇಧಿಸಿತ್ತು. ಹತ್ತು ವರುಷದ ಹುಡುಗಿಯ ಮದುವೆಗೆ ಅದರಿಂದ ಅಡ್ಡಿ ಇರಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ, ಸಂಸಾರವೆಂದರೇನೆಂದು ತಿಳಿಯುವದಕ್ಕೆ ಮುಂಚೆಯೇ, ಗಂಡನು ತೀರಿಕೊಂಡನು. ಅಂಥ ಕುಲಗಳಲ್ಲಿ ಆಗ ವಿಧವೆಯ ಬಾಳು ಹೇಗಿತ್ತೆಂಬದನ್ನು ನಮ್ಮ ಅಜ್ಜಿಯರು ಕಂಡು ಹೇಳಿದ್ದಾರೆ. ತಲೆಯ ಕೂದಲು ಹೋಗುವದು, ಬಣ್ಣದ ಸೀರೆ ಹೋಗುವದು, ಹೂವು ಕುಂಕುಮ ಬಳೆ ಹೋಗುವವು. ಹಬ್ಬ ಮದುವೆಗಳಲ್ಲಿ ಎದುರಿಗೆ ಬರಕೂಡದು. ಅಡಿಗೆಯ ಮನೆಯೂ ಹಿತ್ತಲೂ ಆಕೆಯ ಲೋಕ. ಮರುಮದುವೆಯ ಮಾತನ್ನು ಎತ್ತುವವರು ಅಪರೂಪ. ಮೈಸೂರು ಸಂಸ್ಥಾನದಲ್ಲಿ ವಿಧವೆಯರ ಮರುಮದುವೆಗೆ ಕಾನೂನು ಬಂದದ್ದೇ ೧೯೩೮ರಲ್ಲಿ. ಹದಿನಾಲ್ಕು ವರುಷದ ಹುಡುಗಿಯ ಮುಂದೆ ಇನ್ನೂ ಅರವತ್ತು ಎಪ್ಪತ್ತು ವರುಷಗಳ ಬಾಳು ಇತ್ತು. ಅದನ್ನು ತುಂಬುವದಕ್ಕೆ ಲೋಕವು ಆಕೆಗೆ ಏನನ್ನೂ ಕೊಟ್ಟಿರಲಿಲ್ಲ.

ಈ ಕತ್ತಲೆಯಲ್ಲಿ ಮಗಳ ಕೈಗೆ ಪುಸ್ತಕವನ್ನು ಕೊಟ್ಟವರು ತಂದೆಯವರೇ. ಮಗಳಿಗೆ ಹೊಸ ಸಂಸಾರವನ್ನು ಕೊಡುವ ಧೈರ್ಯವು ಆ ಕಾಲದ ತಂದೆಗಳಲ್ಲಿ ಬಹಳ ಮಂದಿಗೆ ಇರಲಿಲ್ಲ. ಆದರೆ ಓದನ್ನು ಕೊಡುವ ಧೈರ್ಯವು ಈ ವಕೀಲರಿಗೆ ಇತ್ತು. ಓದುವದಕ್ಕೆ ತಕ್ಕ ಪುಸ್ತಕಗಳೂ ಆಗ ಸಿಕ್ಕುವ ಹಾಗಾಗಿದ್ದವು. ಅರ್ಧ ಶತಮಾನದ ಹಿಂದೆ ಮಂಗಳೂರಿನಲ್ಲಿ ಬಾಸೆಲ್ ಮಿಶನಿನ ಮೋಗ್ಲಿಂಗ್ ಪಾದ್ರಿಗಳು ೧೮೪೩ರಲ್ಲಿ ಕನ್ನಡದ ಮೊದಲನೆಯ ಸಮಾಚಾರ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ್ದರು. ಆ ಮೇಲೆ ಹಳೆಯ ಕನ್ನಡ ಕಾವ್ಯಗಳನ್ನು ಓಲೆಗರಿಗಳಿಂದ ಅಚ್ಚಿಗೆ ತಂದಿದ್ದರು. ಬಿ. ವೆಂಕಟಾಚಾರ್ಯರು ಬಂಗಾಳಿಯ ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಿರುಗಿಸಿ, ಕಥೆ ಓದುವ ರುಚಿಯನ್ನು ಜನರಲ್ಲಿ ಹುಟ್ಟಿಸಿದ್ದರು. ಒಂದು ಕಾಲದಲ್ಲಿ ಮಠದ ಪೆಟ್ಟಿಗೆಯಲ್ಲಿಯೂ ಪಂಡಿತನ ಕೋಣೆಯಲ್ಲಿಯೂ ಇದ್ದ ಅಕ್ಷರವು ಅಚ್ಚಿನ ಮನೆಯ ದೆಸೆಯಿಂದ ಕೆಲವು ಆಣೆಗಳಿಗೆ ಸಿಕ್ಕುವ ವಸ್ತುವಾಯಿತು. ಟಪಾಲಿನವನು ಅದನ್ನು ಬಾಗಿಲಿಗೆ ತಂದುಕೊಟ್ಟನು. ಬೀದಿಗೆ ಹೋಗಲಾರದ ಹೆಂಗಸಿನ ಬಳಿಗೆ ಲೋಕವೇ ನಡೆದು ಬಂದ ಹಾಗಾಯಿತು.

ತಿರುಮಲಾಂಬಾರವರು ಮೊದಲು ಓದಿದರು. ತರುವಾಯ ನೆರೆಹೊರೆಯ ಹೆಣ್ಣುಮಕ್ಕಳನ್ನು ಮನೆಗೆ ಕರೆದು ಪಾಠ ಹೇಳಿದರು. ಆಮೇಲೆ ತಾವೇ ಬರೆಯಲು ಕೂತರು. ಅವರಿಗಿಂತ ಮುಂಚೆ ವಿಧವೆಯ ಕಷ್ಟವನ್ನು ಕುರಿತು ಕನ್ನಡದಲ್ಲಿ ಯಾರೂ ಬರೆದಿರಲಿಲ್ಲವೆಂದಲ್ಲ. ೧೮೯೯ರಲ್ಲಿ ಗುಲ್ವಾಡಿ ವೆಂಕಟರಾಯರು ಬರೆದ ಇಂದಿರಾಬಾಯಿ ಎಂಬ ಕಾದಂಬರಿಯು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಎಳೆಯ ವಿಧವೆಯೊಬ್ಬಳು ವಿದ್ಯೆ ಕಲಿತು ಮರುಮದುವೆಯಾಗುವದು ಅದರ ಕಥೆ. ಅದನ್ನು ಕನ್ನಡದ ಮೊದಲನೆಯ ಸಾಮಾಜಿಕ ಕಾದಂಬರಿಯೆಂದು ಎಣಿಸುತ್ತಾರೆ. ಅದು ಒಳ್ಳೆಯ ಗ್ರಂಥ. ಒಳ್ಳೆಯ ಮನಸ್ಸಿನಿಂದ ಬರೆದದ್ದು. ಆದರೆ ಅದರಲ್ಲಿ ಗಂಡಸೊಬ್ಬನು ವಿಧವೆಯ ಪರವಾಗಿ ಮಾತಾಡಿದನು. ಹದಿನಾಲ್ಕು ವರುಷಗಳ ತರುವಾಯ ನಂಜನಗೂಡಿನಲ್ಲಿ ವಿಧವೆಯು ತಾನೇ ಮಾತಾಡಿದಳು. ಒಬ್ಬರಿಗಾಗಿ ಮತ್ತೊಬ್ಬರು ಮಾತಾಡುವದಕ್ಕೂ ಅವರೇ ಬಾಯಿ ಬಿಡುವದಕ್ಕೂ ಇರುವ ಭೇದವನ್ನು, ಸಾಹುಕಾರನ ಮುಂದೆ ತಮ್ಮ ಪರವಾಗಿ ಬೇರೆಯವರಿಂದ ಮಾತಾಡಿಸಿದ ನಮ್ಮ ಜನರು ಚೆನ್ನಾಗಿ ಬಲ್ಲರು.

೧೯೧೩ರಲ್ಲಿ ಅವರು ಸತೀಹಿತೈಷಿಣೀ ಎಂಬ ಗ್ರಂಥಮಾಲೆಯನ್ನು ಆರಂಭಿಸಿದರು. ಗ್ರಂಥಮಾಲೆಯೆಂದರೆ ಒಂದರ ಹಿಂದೊಂದಾಗಿ ಪುಸ್ತಕಗಳನ್ನು ಹೊರಡಿಸುವ ಏರ್ಪಾಡು. ಇದನ್ನು ನಡಿಸುವವರು ಕಥೆ ಬರೆದರೆ ಮಾತ್ರ ಸಾಲದು. ಕಾಗದಕ್ಕೂ ಅಚ್ಚಿಗೂ ಹಣವನ್ನು ಒದಗಿಸಬೇಕು, ಕರಡನ್ನು ತಿದ್ದಬೇಕು, ಗಿರಾಕಿಗಳ ಲೆಕ್ಕವನ್ನು ಇಡಬೇಕು, ಟಪಾಲಿಗೆ ಕಟ್ಟು ಕಟ್ಟಬೇಕು, ಹಣ ಬಾರದಿದ್ದರೆ ಕಾಗದ ಬರೆದು ಕೇಳಬೇಕು. ಶಾಲೆಯ ಮೆಟ್ಟಲು ಹತ್ತಿ ದೊಡ್ಡ ಪರೀಕ್ಷೆಗಳನ್ನು ಮಾಡದ ಇಪ್ಪತ್ತಾರು ವರುಷದ ವಿಧವೆಯು ಈ ವ್ಯವಹಾರದ ಭಾರವನ್ನು ಹೊತ್ತುಕೊಂಡದ್ದು ಸಣ್ಣ ಸಂಗತಿಯಲ್ಲ. ಮಾಲೆಯಲ್ಲಿ ಮೊದಲು ಬಂದದ್ದು ಸುಶೀಲೆ ಎಂಬ ಕಾದಂಬರಿ. ಜನರು ಅದನ್ನು ಮೆಚ್ಚಿ ಓದಿದ್ದರಿಂದ ಮತ್ತೆ ಮತ್ತೆ ಅಚ್ಚು ಹಾಕಿಸಬೇಕಾಯಿತು. ೧೯೧೪ರಲ್ಲಿ ನಭಾ ಎಂಬದು ಬಂತು. ವಿರಾಗಿಣಿ, ವಿದ್ಯುಲ್ಲತಾ, ಮಾತೃನಂದಿನಿ ಮುಂತಾದವುಗಳೂ ಅವರ ಲೇಖನಿಯಿಂದ ಹೊರಟವು. ಕಾದಂಬರಿ, ನಾಟಕ, ಸಣ್ಣ ಪ್ರಬಂಧ, ಹಾಡು ಎಂದು ಅವರು ಬಗೆಬಗೆಯಾಗಿ ಬರೆದರು.

ಈ ಗ್ರಂಥಮಾಲೆಯ ಹೆಸರನ್ನು ವಾಚಕರು ಸ್ವಲ್ಪ ಯೋಚಿಸಿ ನೋಡಬೇಕು. ಸತಿಯರಿಗೆ ಹಿತವನ್ನು ಬಯಸುವವಳು ಎಂದು ಅದರ ಅರ್ಥ. ಅವರ ಕಥೆಗಳಲ್ಲಿ ಬರುವ ಹೆಂಗಸರು ಪತಿವ್ರತೆಯರು, ತಾಳ್ಮೆಯುಳ್ಳವರು, ಮನೆಯನ್ನು ಬೆಳಗುವವರು. ಹಳೆಯ ಕಟ್ಟನ್ನು ಮುರಿಯಿರಿ ಎಂದು ಅವರು ಸಾರಲಿಲ್ಲ. ಇನ್ನೂರು ವರುಷಗಳಿಗೂ ಹಿಂದೆ ನಮಗೆ ಸಮೀಪವಾದ ಯಳಂದೂರಿನ ಸಂಚಿಯ ಹೊನ್ನಮ್ಮನು ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದು ಹದಿಬದೆಯ ಧರ್ಮವೆಂಬ ಕಾವ್ಯವನ್ನು ಮಾಡಿದಳು; ಅದೂ ಸತಿಯ ಧರ್ಮವನ್ನೇ ಹೇಳುವದು. ಆದರೆ ಹೊನ್ನಮ್ಮನು ಆ ಧರ್ಮದ ನಡುವೆಯೇ ಹೆಣ್ಣು ಕೂಸನ್ನು ಹೀನಾಯವಾಗಿ ಕಾಣುವವರನ್ನು ಖಂಡಿಸದೆ ಬಿಡಲಿಲ್ಲ. ತಿರುಮಲಾಂಬಾರವರ ದಾರಿಯೂ ಅಂಥದೇ. ಹೆಣ್ಣು ಮನೆಯ ದೀಪವೆಂದು ಒಪ್ಪಿದರು. ಆದರೆ ಎಣ್ಣೆಯಿಲ್ಲದೆ ದೀಪವು ಉರಿಯಲಾರದು, ಆ ಎಣ್ಣೆಯು ವಿದ್ಯೆಯೇ ಎಂದು ತಮ್ಮ ಬಾಳಿನಿಂದ ತೋರಿಸಿದರು. ಅವರ ಪುಸ್ತಕದ ಒಳಗಿನ ಬೋಧನೆಗಿಂತ ಆ ಪುಸ್ತಕವು ಹೊರಟು ಬಂದದ್ದೇ ದೊಡ್ಡ ಬೋಧನೆಯಾಯಿತು. ಯಾಕಂದರೆ ಮಂಗಳ ಕಾರ್ಯಗಳಲ್ಲಿ ಮುಖ ತೋರಿಸಕೂಡದವಳ ಹೆಸರು ಅಚ್ಚಿನ ಅಕ್ಷರದಲ್ಲಿ, ಊರಿನ ಹೆಸರಿನೊಂದಿಗೆ, ನೂರಾರು ಮನೆಗಳ ಪಡಸಾಲೆಗೆ ಪ್ರವೇಶಿಸಿತು. ಮುಖಕ್ಕೆ ಇದ್ದ ತಡೆಯು ಹೆಸರಿಗೆ ಇರಲಿಲ್ಲ.

೧೯೧೭ರ ಸುಮಾರಿಗೆ ಅವರು ಕರ್ನಾಟಕ ನಂದಿನಿ ಎಂಬ ಮಾಸಪತ್ರಿಕೆಯನ್ನು ಸ್ತ್ರೀಯರಿಗಾಗಿ ಹೊರಡಿಸಿದರು. ಈ ಹೆಸರೂ ಆಲೋಚನೆಗೆ ತಕ್ಕದ್ದು. ಕರ್ನಾಟಕದ ಮಗಳು ಎಂದು ಇದರ ಅರ್ಥ. ಆದರೆ ಆ ಕಾಲದಲ್ಲಿ ಕರ್ನಾಟಕವೆಂಬ ರಾಜ್ಯವು ಎಲ್ಲಿತ್ತು? ನಂಜನಗೂಡಿನವರು ಮೈಸೂರು ಮಹಾರಾಜರ ಪ್ರಜೆಗಳು, ಧಾರವಾಡ ಬೆಳಗಾವಿಯವರು ಮುಂಬಯಿ ಆಧಿಪತ್ಯದವರು, ಮಂಗಳೂರು ಬಳ್ಳಾರಿಯವರು ಮದ್ರಾಸಿಗೆ ಸೇರಿದವರು, ಕಲಬುರ್ಗಿ ರಾಯಚೂರಿನವರು ನಿಜಾಮರ ಪ್ರಜೆಗಳು, ಕೊಡಗು ಬೇರೆಯೇ. ಒಂದೇ ಮಾತನ್ನು ಆಡುವ ಜನರು ಹೀಗೆ ಹಲವು ಸರಕಾರಗಳ ಕೈಕೆಳಗೆ ಹಂಚಿಹೋಗಿದ್ದರು. ಅವರನ್ನೆಲ್ಲಾ ಒಂದೇ ತಾಯಿಯ ಮಕ್ಕಳೆಂದು ತೋರಿಸಬಲ್ಲ ನಕ್ಷೆಯು ಯಾವ ಕಚೇರಿಯಲ್ಲಿಯೂ ಇರಲಿಲ್ಲ. ಪುಸ್ತಕಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಮಾತ್ರ ಇತ್ತು. ೧೮೯೦ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘವೂ ೧೯೧೫ರಲ್ಲಿ ಬೆಂಗಳೂರಿನ ಸಾಹಿತ್ಯ ಪರಿಷತ್ತೂ ಹುಟ್ಟಿದ್ದು ಈ ಕೊರತೆಯನ್ನು ತುಂಬುವದಕ್ಕಾಗಿಯೇ. ಒಬ್ಬ ವಿಧವೆಯು ತನ್ನ ಪತ್ರಿಕೆಗೆ ಆ ಹೆಸರನ್ನಿಟ್ಟಾಗ, ಇನ್ನೂ ಹುಟ್ಟದ ನಾಡಿಗೆ ಮಗಳೂ ಉಂಟು, ಮನೆಯ ಪಾಲಿನಲ್ಲಿ ಆಕೆಯನ್ನು ಮರೆಯಬೇಡಿರಿ ಎಂದು ಮುಂಚಿತವಾಗಿಯೇ ಬರೆದಿಟ್ಟ ಹಾಗಾಯಿತು.

ಆ ನಾಡು ಮುಂದೆ ಹುಟ್ಟಿತು. ೧೯೫೬ನೇ ನವೆಂಬರ್ ೧ರಂದು ಕನ್ನಡ ಪ್ರಾಂತಗಳ ಬಹುಭಾಗವು ಒಂದೇ ರಾಜ್ಯವಾಗಿ ಕೂಡಿತು. ೧೯೭೩ನೇ ನವೆಂಬರ್ ೧ರಂದು ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಅಂದರೆ ಪತ್ರಿಕೆಯ ಮುಖಪುಟದ ಮೇಲೆ ಇದ್ದ ಹೆಸರು ಸರಕಾರದ ಮುದ್ರೆಯ ಮೇಲೆ ಬರುವದಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ರಾಜ್ಯಗಳನ್ನು ಕಟ್ಟುವವರು ಮಂತ್ರಿಗಳೂ ಸೈನ್ಯಗಳೂ ಮಾತ್ರವೆಂದು ತಿಳಿಯುವವರು ಈ ಸಂಗತಿಯನ್ನು ನೆನಪಿನಲ್ಲಿಡಲಿ. ಬರೆಯುವವರು ಮೊದಲು ಒಂದು ಹೆಸರನ್ನು ಜನರ ಬಾಯಲ್ಲಿ ಇಡುತ್ತಾರೆ. ಜನರು ಆ ಹೆಸರಿನಿಂದ ತಮ್ಮನ್ನು ಕರೆದುಕೊಳ್ಳಲು ಕಲಿಯುತ್ತಾರೆ. ಆ ಮೇಲೆಯೇ ಅರಸುಗಳೂ ಸಭೆಗಳೂ ಅದಕ್ಕೆ ಒಪ್ಪುವವು.

೧೯೨೨ರಲ್ಲಿ ಅವರು ಸನ್ಮಾರ್ಗದರ್ಶಿ ಎಂಬ ಮತ್ತೊಂದು ಪತ್ರಿಕೆಯನ್ನು ಆರಂಭಿಸಿದರು. ಅವರ ಪತ್ರಿಕೆಗಳು ಬಹುಕಾಲ ಬಾಳಲಿಲ್ಲ. ಹೆಂಗಸರಲ್ಲಿ ಓದುಬರಹ ಬಲ್ಲವರೇ ಅತಿ ವಿರಳವಾಗಿದ್ದ ಕಾಲದಲ್ಲಿ ಹೆಂಗಸರ ಪತ್ರಿಕೆಗೆ ಚಂದಾದಾರರು ಎಲ್ಲಿಂದ ಬಂದಾರು? ಆದರೆ ತೆರೆದ ದಾರಿಯು ಮುಚ್ಚಿಹೋಗಲಿಲ್ಲ. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು, ಅವರೂ ಬಾಲವಿಧವೆಯೇ, ಸರಸ್ವತಿ ಎಂಬ ಸ್ತ್ರೀಯರ ಪತ್ರಿಕೆಯನ್ನು ಹಲವು ದಶಕಗಳ ವರೆಗೆ ನಡಿಸಿದರು. ಕೊಡಗಿನ ಗೌರಮ್ಮನವರು ೧೯೩೯ರಲ್ಲಿ ತೀರಿಹೋಗುವದರೊಳಗೆ ಮರೆಯಲಾಗದ ಸಣ್ಣ ಕಥೆಗಳನ್ನು ಬರೆದರು. ಅವರ ತರುವಾಯ ತ್ರಿವೇಣಿಯವರ ಕಾದಂಬರಿಗಳು ಮನೆಮನೆಗೂ ಹೋದವು. ಹೆಂಗಸು ಬರೆದದ್ದನ್ನು ಓದಬಹುದು, ಕೊಳ್ಳಬಹುದು ಎಂಬ ಅಭ್ಯಾಸವನ್ನು ಜನರಲ್ಲಿ ಹುಟ್ಟಿಸಿದ ಮೊದಲಿಗರಲ್ಲಿ ತಿರುಮಲಾಂಬಾರವರು ಒಬ್ಬರು.

ಇಷ್ಟರೊಳಗೆ ಕನ್ನಡದ ರೀತಿಯೇ ಬದಲಾಯಿತು. ೧೯೨೦ರ ದಶಕದಿಂದ ಬಿ. ಎಂ. ಶ್ರೀಕಂಠಯ್ಯನವರೇ ಮುಂತಾದವರ ಪ್ರಯತ್ನದಿಂದ ಆಡುಮಾತಿಗೆ ಹತ್ತಿರವಾದ ಹೊಸ ಬಗೆಯ ಬರಹವು ಬಂತು. ತಿರುಮಲಾಂಬಾರವರ ಕನ್ನಡವಾದರೋ ಸಂಸ್ಕೃತ ಪದಗಳಿಂದ ತುಂಬಿದ ಗ್ರಾಂಥಿಕ ಕನ್ನಡ. ಅವರ ಕಥೆಗಳಲ್ಲಿ ನೀತಿಬೋಧೆಯು ಹೆಚ್ಚು. ಹೊಸ ಕಾಲದ ವಿದ್ವಾಂಸರಿಗೆ ಅದು ರುಚಿಸಲಿಲ್ಲ. ಹಿರಿಯ ಸಾಹಿತಿಯೊಬ್ಬರ ವಿಮರ್ಶೆಯಿಂದ ನೊಂದು ಅವರು ಲೇಖನಿಯನ್ನು ಕೆಳಗಿಟ್ಟರೆಂದು ಅವರ ಚರಿತ್ರೆಯನ್ನು ತಿಳಿದವರು ಹೇಳುತ್ತಾರೆ. ಶೈಲಿಯ ವಿಷಯದಲ್ಲಿ ವಿಮರ್ಶಕರ ಮಾತಿನಲ್ಲಿ ನ್ಯಾಯವಿದ್ದರೂ ಇದ್ದೀತು. ಆದರೆ ಕಾಲೇಜುಗಳಲ್ಲಿ ಓದಿದವರು ತಮ್ಮ ತಮ್ಮೊಳಗೆ ಚರ್ಚೆ ಮಾಡಿ ತಿದ್ದಿಕೊಳ್ಳುವದಕ್ಕೂ, ನಡುಮನೆಯಲ್ಲಿ ಒಬ್ಬಳೇ ಕೂತು ಬರೆದವಳು ಒಂದು ಕಟುವಾದ ಮಾತನ್ನು ಸಹಿಸುವದಕ್ಕೂ ಬಹಳ ಭೇದವುಂಟು. ಆಕೆಗೆ ಗೆಳೆಯರ ಕೂಟವಿರಲಿಲ್ಲ, ಮತ್ತೊಮ್ಮೆ ಬರೆಯಿರೆಂದು ಬೆನ್ನು ತಟ್ಟುವವರೂ ಇರಲಿಲ್ಲ. ಹೀಗೆ ಆ ಸ್ವರವು ನಿಂತುಹೋಯಿತು.

ನಿಂತ ಮೇಲೆ ಮರೆವು ಬಂತು. ಅವರು ನಂಜನಗೂಡನ್ನು ಬಿಟ್ಟು ಮದರಾಸಿನಲ್ಲಿ, ಈಗಿನ ಚೆನ್ನೈಯಲ್ಲಿ, ಯಾರ ಗಮನಕ್ಕೂ ಬೀಳದೆ ಮುಪ್ಪಿನ ದಿನಗಳನ್ನು ಕಳೆದರು. ದೇಶವು ಸ್ವತಂತ್ರವಾಯಿತು, ಕರ್ನಾಟಕವು ಒಂದಾಯಿತು, ಹುಡುಗಿಯರು ಗುಂಪು ಗುಂಪಾಗಿ ಕಾಲೇಜಿಗೆ ಹೋದರು. ಅವರ ಪುಸ್ತಕಗಳು ಮಾತ್ರ ಅಂಗಡಿಗಳಲ್ಲಿ ಕಾಣಿಸಲಿಲ್ಲ. ಕಡೆಗೆ ಬೆಂಗಳೂರಿನ ವಿದುಷಿ ಚಿ. ನ. ಮಂಗಳಾ ಅವರು ಅವರನ್ನು ಹುಡುಕಿ ಕಂಡು, ಅವರ ಬಾಳು ಬರಹಗಳನ್ನು ಕನ್ನಡಿಗರಿಗೆ ಮತ್ತೆ ಪರಿಚಯಿಸಿದರು. ೧೯೮೨ನೇ ಆಗಸ್ಟ್ ೩೧ರಂದು, ತೊಂಬತ್ತೈದು ವರುಷಗಳು ತುಂಬಿದ ಬಳಿಕ, ತಿರುಮಲಾಂಬಾರವರು ತೀರಿಕೊಂಡರು. ಈಗ ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿಯನ್ನು ಕೊಡುವ ಏರ್ಪಾಡು ಉಂಟಾಗಿದೆ. ೧೯೯೧ರಲ್ಲಿ ಸೂಸಿ ತಾರೂ ಮತ್ತು ಕೆ. ಲಲಿತಾ ಎಂಬವರು ಭಾರತದ ಸ್ತ್ರೀಯರ ಬರಹಗಳನ್ನು ಸಂಗ್ರಹಿಸಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ನಭಾ ಕಾದಂಬರಿಯ ಒಂದು ಭಾಗವು ಸೇರಿತು. ಹುಡುಕಿದ ಒಬ್ಬಾಕೆ ಇದ್ದದರಿಂದ ಇಷ್ಟಾದರೂ ಉಳಿಯಿತು. ಹುಡುಕುವವರು ಇಲ್ಲದೆ ಅಳಿದುಹೋದವರು ಎಷ್ಟು ಮಂದಿಯೋ!

ಪಂಡಿತಾ ರಮಾಬಾಯಿಯವರ ಬಾಳನ್ನು ಇದರೊಂದಿಗೆ ಇಟ್ಟು ನೋಡಿದರೆ ಒಂದು ಸಂಗತಿಯು ಸ್ಪಷ್ಟವಾಗುವದು. ಅವರೂ ಬ್ರಾಹ್ಮಣ ಕುಲದಲ್ಲಿ ೧೮೫೮ರಲ್ಲಿ ಹುಟ್ಟಿದವರು, ಅವರೂ ಎಳೆಯ ಪ್ರಾಯದಲ್ಲಿ ವಿಧವೆಯಾದವರು, ಅವರಿಗೂ ವಿದ್ಯೆಯೇ ಆಸರೆಯಾಯಿತು. ಅವರು ಕ್ರೈಸ್ತರಾಗಿ, ೧೮೮೯ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದು, ಸಾವಿರಾರು ಅನಾಥೆಯರಿಗೆ ತಾಯಿಯಾದರು. ೧೯೨೨ರಲ್ಲಿ ತೀರಿಹೋಗುವ ವರೆಗೂ ಸತ್ಯವೇದವನ್ನು ಮೂಲ ಭಾಷೆಗಳಿಂದ ಮರಾಠಿಗೆ ತಿರುಗಿಸುವ ಕೆಲಸದಲ್ಲಿ ದುಡಿದರು. ಅವರ ಸುತ್ತಲೂ ಸಭೆಗಳೂ ಸ್ನೇಹಿತರೂ ಇದ್ದರು. ಆದದರಿಂದ ಅವರ ಕೆಲಸವು ಅವರ ಹಿಂದೆ ನಿಂತುಹೋಗಲಿಲ್ಲ. ತಿರುಮಲಾಂಬಾರವರಿಗೆ ಅಂಥ ಮಂಡಳಿ ಇರಲಿಲ್ಲ. ಬರೆಯುವದಕ್ಕೆ ಒಬ್ಬರು ಸಾಕು. ಬರೆದದ್ದನ್ನು ಕಾಯುವದಕ್ಕೆ ಒಂದು ಜನಾಂಗವೇ ಬೇಕು.

ಇನ್ನೊಂದು ಮಾತನ್ನು ಮರೆಮಾಡದೆ ಹೇಳಬೇಕು. ತಿರುಮಲಾಂಬಾರವರು ಬರೆಯುತ್ತಿದ್ದ ಕಾಲದಲ್ಲಿ ಅದೇ ನಂಜನಗೂಡು ತಾಲ್ಲೂಕಿನ ಹಟ್ಟಿಗಳಲ್ಲಿದ್ದ ನಮ್ಮ ಅಜ್ಜಿಯರಿಗೆ ಅವರ ಪುಸ್ತಕವನ್ನು ಓದುವ ಭಾಗ್ಯವಿರಲಿಲ್ಲ. ಅಕ್ಷರವೇ ಅವರಿಗೆ ದೂರ. ಅಕ್ಷರ ಬಲ್ಲ ಕೆಲವರಿಗೂ ಆ ಗ್ರಾಂಥಿಕ ಕನ್ನಡವು ತಮ್ಮ ಬಾಯಿಯ ಕನ್ನಡವಾಗಿ ತೋರಲಿಲ್ಲ. ಸತಿಯರ ಹಿತವೆಂದಾಗ ಗದ್ದೆಯಲ್ಲಿ ಪೈರು ನಾಟುವ ಹೆಂಗಸಿನ ಹಿತವು ಅದರೊಳಗೆ ಬಂದಿರಲಿಲ್ಲ. ಇದು ಆ ಕಾಲದ ಕೊರತೆ. ಒಬ್ಬರ ತಪ್ಪೆಂದು ಎಣಿಸಲಾಗದು. ಆ ಬಾಗಿಲೂ ಮುಂದೆ ತೆರೆಯಿತು. ಅದೇ ತಾಲ್ಲೂಕಿನ ದೇವನೂರಿನವರಾದ ಮಹಾದೇವ ಅವರು ಹಟ್ಟಿಯ ಜನರ ಬಾಯಿಯ ಮಾತನ್ನು ಹಾಗೆಯೇ ಬರಹಕ್ಕೆ ತಂದು ಕುಸುಮಬಾಲೆ ಎಂಬ ಕಾದಂಬರಿಯನ್ನು ಬರೆದರು. ಅದಕ್ಕೆ ೧೯೯೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವು ದೊರೆಯಿತು. ನಾವು ಒರಟೆಂದು ನಾಚಿಕೊಳ್ಳುತ್ತಿದ್ದ ಮಾತು ದೇಶದ ಮುಂದೆ ಮಾನ ಪಡೆಯಿತು. ನಡುಮನೆಯ ವಿಧವೆಗೆ ಕನ್ನಡವು ಯಾವದನ್ನು ಕೊಟ್ಟಿತೋ ಅದನ್ನೇ ಹಟ್ಟಿಯ ಮಕ್ಕಳಿಗೂ ಕೊಟ್ಟಿತು. ಅದೇನಂದರೆ, ನಾನು ಇದ್ದೇನೆ, ನನ್ನ ಮಾತಿಗೂ ಬೆಲೆಯುಂಟು ಎಂದು ನಿಂತು ಹೇಳುವ ಧೈರ್ಯ.

ವಾಚಕರೇ, ಈ ಚರಿತ್ರೆಯನ್ನು ಓದಿ ನಾವು ಮಾಡತಕ್ಕ ಕೆಲಸಗಳು ದೊಡ್ಡವಲ್ಲ. ನಮ್ಮ ಮನೆಗಳಲ್ಲಿ ಹುಡುಗಿಯ ಓದು ಹತ್ತನೆಯ ತರಗತಿಗೆ ನಿಲ್ಲದ ಹಾಗೆ ನೋಡಿಕೊಳ್ಳೋಣ. ಮದುವೆಯಾದ ಮಗಳೂ, ಗಂಡನನ್ನು ಕಳಕೊಂಡ ಸೊಸೆಯೂ ಪುಸ್ತಕವನ್ನು ಹಿಡಿದು ಕೂತರೆ ಕೆಲಸಗೇಡಿಯೆಂದು ಹಳಿಯದಿರೋಣ. ವೆಂಕಟಕೃಷ್ಣ ಅಯ್ಯಂಗಾರ್ಯರು ಹಾಗೆ ಹಳಿದಿದ್ದರೆ ಈ ಚರಿತ್ರೆಯೇ ಇರುತ್ತಿರಲಿಲ್ಲ. ನಮ್ಮ ಹಿರಿಯ ಹೆಂಗಸರು ನಾಟಿಯ ಕಾಲದಲ್ಲಿ ಹಾಡಿದ ಪದಗಳನ್ನೂ, ಅವರು ಪಟ್ಟ ಪಾಡಿನ ಸುದ್ದಿಯನ್ನೂ, ಅಕ್ಷರ ಬಲ್ಲ ಮೊಮ್ಮಕ್ಕಳು ಒಂದು ಪುಸ್ತಕದಲ್ಲಿ ಬರೆದಿಡಲಿ. ಅವರು ಆಡಿದ ಮಾತಿನಲ್ಲಿಯೇ ಬರೆಯಲಿ, ತಿದ್ದಿ ಅಂದಗೊಳಿಸುವದು ಬೇಡ. ಮತ್ತು ಯಾರಾದರೂ ಎಳೆಯಳು ತಾನು ಬರೆದದ್ದನ್ನು ನಮ್ಮ ಕೈಗೆ ಕೊಟ್ಟರೆ, ತಪ್ಪನ್ನು ಎಣಿಸುವದಕ್ಕೆ ಮುಂಚೆ ಅದನ್ನು ಪೂರ್ತಿಯಾಗಿ ಓದೋಣ, ಮುಂದಿನದನ್ನೂ ಬರೆಯಮ್ಮಾ ಎಂದು ಹೇಳೋಣ. ನಂಜನಗೂಡಿನ ತಾಯಿಗೆ ಹಾಗೆ ಹೇಳುವವರು ಸರಿಯಾದ ಹೊತ್ತಿನಲ್ಲಿ ಸಿಕ್ಕಿದ್ದರೆ, ಕನ್ನಡಕ್ಕೆ ಇನ್ನೂ ನಾಲ್ವತ್ತು ವರುಷಗಳ ಫಲವು ದೊರೆಯುತ್ತಿತ್ತು.